ಕಲ್ಲಿಲ್ಲದ ನೆಲದಲ್ಲಿ ಮನೆ

ಕೇಳುಗರಿಗೆ ನಮಸ್ಕಾರ.

ಲಕ್ಷದ್ವೀಪದ ಕವರತ್ತಿಯಲ್ಲಿ ಸಂಜೆ ವಾಕಿಂಗ್ ಹೊರಟರೆ ದಾರಿ ತಪ್ಪುವ ಭಯವಿಲ್ಲ. ಇಡೀ ದ್ವೀಪ ಸುಮಾರು 4 ಚದರ ಕಿಲೋಮೀಟರ್, 2011ರ ಜನಗಣತಿಯ ಹೊತ್ತಿಗೆ ಅಲ್ಲಿದ್ದವರು 11 ಸಾವಿರದಷ್ಟು ಜನ. ಕೆಲಸದ ಮೇಲೆ ಅಲ್ಲಿದ್ದಾಗ ನನಗೆ ದಿನವೂ ಅದೇ ಓಣಿ, ಅದೇ ತೆಂಗಿನ ತೋಟ. ಹೊಸದಾಗಿ ನೋಡಲು ಸಿಗುತ್ತಿದ್ದದ್ದು ಕಟ್ಟುತ್ತಿರುವ ಮನೆಗಳು ಮಾತ್ರ. ಗೋಡೆ ನಿನ್ನೆಗಿಂತ ಎರಡು ಸಾಲು ಮೇಲೆದ್ದಿದೆಯೋ ಇಲ್ಲವೋ ಎಂದು ನೋಡಿಕೊಂಡು ಬರುವುದೇ ಒಂದು ಚಟವಾಗಿತ್ತು.

ಅಲ್ಲಿ ನೆಲ ಅಗೆದರೆ ಕಲ್ಲು ಸಿಗುವುದಿಲ್ಲ. ಹವಳದ ಚೂರು, ಬಿಳಿ ಮರಳು, ಅಷ್ಟೇ. ಹಿಂದಿನವರು ಹವಳದ ಕಲ್ಲನ್ನೇ ಕಡಿದು ಗೋಡೆ ಎಬ್ಬಿಸಿದರು, ಅದನ್ನೇ ಸುಟ್ಟು ಸುಣ್ಣ ಮಾಡಿದರು, ಮೇಲೆ ತೆಂಗಿನ ಮಡಲು ಹೊದಿಸಿದರು. ಗಾರೆ ಉದುರಿದ ಅಂಥ ಒಂದು ಹಳೆ ಗೋಡೆಯ ಮೇಲೆ ಕೈಯಾಡಿಸಿ ನೋಡಿದ್ದೇನೆ. ಒಂದಕ್ಕೊಂದು ಅಂಟಿಕೊಂಡ ಪುಟ್ಟ ಪುಟ್ಟ ತೂತುಗಳು, ಪ್ರತಿಯೊಂದರೊಳಗೂ ನಕ್ಷತ್ರದಂಥ ಗೆರೆ. ಒಂದೊಂದರಲ್ಲೂ ಒಂದು ಜೀವ ಇದ್ದ ಗುರುತು ಅದು. ಈಗ ಹವಳ ಕೀಳುವಂತಿಲ್ಲ, ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಬರಲೇಬೇಕು. ಕಡಲಿನಿಂದ ಕೆಲವೇ ಮೀಟರ್ ಎತ್ತರದ ನೆಲಕ್ಕೆ ಅಲೆಯ ಹೊಡೆತ ತಗ್ಗಿಸುವುದು ಸುತ್ತಲಿನ ಹವಳದ ದಿಬ್ಬವೇ. ದಡದಲ್ಲಿ ನಾಲ್ಕು ಕಾಲಿನ ಕಾಂಕ್ರೀಟ್ ಟೆಟ್ರಾಪಾಡುಗಳನ್ನೂ ಪೇರಿಸಿದ್ದಾರೆ. ನನಗೇನೋ ಅವುಗಳ ಮೇಲೆ ಅಷ್ಟು ಭರವಸೆಯಿಲ್ಲ. ಒಂದು ಕಡೆ ಅಡ್ಡ ಹಾಕಿದರೆ ಕಡಲು ಇನ್ನೊಂದು ಕಡೆ ಕೊರೆಯುತ್ತದೆ, ಮಂಗಳೂರಿನ ಪಕ್ಕದ ಉಳ್ಳಾಲದವರನ್ನು ಕೇಳಿ ನೋಡಿ.

ಸಿಮೆಂಟಿನ ಮನೆಗೆ ಅಲ್ಲಿ ದೊಡ್ಡ ಶತ್ರು ಉಪ್ಪು. ಗಾಳಿಯಲ್ಲೂ ಉಪ್ಪು, ಮರಳಲ್ಲೂ ಉಪ್ಪು. ಅದು ಕಾಂಕ್ರೀಟಿನೊಳಗೆ ಇಳಿದು ಸರಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಸರಳು ಉಬ್ಬುತ್ತದೆ, ತಾರಸಿಯ ಅಡಿಭಾಗ ಹಪ್ಪಳದ ಹಾಗೆ ಎದ್ದು ಬೀಳುತ್ತದೆ. ಹಾಗಾಗಿ ಕಲಸುವ ನೀರಿನ ಬಗ್ಗೆಯೂ ಎಚ್ಚರ ಬೇಕು. ನಾನು ಕಂಡ ಒಬ್ಬ ಮೇಸ್ತ್ರಿ ಬಾವಿಯಿಂದ ಕೊಡ ಮೇಲೆ ಬಂದ ಕೂಡಲೇ ಬೆರಳು ಅದ್ದಿ ನಾಲಗೆಗೆ ತಾಗಿಸುತ್ತಿದ್ದ. ಮುಖ ಕಿವುಚಿದನೆಂದರೆ ಆ ಕೊಡ ತೆಂಗಿನ ಬುಡಕ್ಕೆ!

ಈ ಬಾವಿಗಳದ್ದೂ ಒಂದು ವಿಚಿತ್ರ. ಮಳೆನೀರು ಮರಳಲ್ಲಿ ಇಂಗಿ, ಕೆಳಗಿನ ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೆಳುವಾಗಿ ನಿಂತಿರುತ್ತದೆ. ಕಡಲಿನ ಉಬ್ಬರ ಇಳಿತಕ್ಕೆ ಬಾವಿಯ ನೀರೂ ಏರಿ ಇಳಿಯುತ್ತದೆ. ಅತಿಯಾಗಿ ಸೇದಿದರೆ ಉಪ್ಪು ಮೇಲೆ ಬರುತ್ತದೆ. ಕುಡಿಯುವ ನೀರಿಗೆಂದು 2005ರಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ದಿನಕ್ಕೆ 1 ಲಕ್ಷ ಲೀಟರಿನ ಸ್ಥಾವರ ಕಟ್ಟಿತು. ಕಡಲ ಮೇಲ್ಪದರದ ಬೆಚ್ಚನೆಯ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ಆಳದಿಂದ ಎಳೆದ ತಣ್ಣೀರಿನಿಂದ ಅದನ್ನು ತಣಿಸಿ ಸಿಹಿನೀರು ತೆಗೆಯುವ ಉಪಾಯ. ಆದರೆ ಅದನ್ನು ಮನೆ ಕಟ್ಟಲು ಸುರಿಯುವವರುಂಟೇ?

ಇನ್ನು ಜಲ್ಲಿ, ಹೊಯ್ಗೆ, ಸಿಮೆಂಟು. ಇವು ಹೋಗುವುದು ನಮ್ಮ ಮಂಗಳೂರಿನ ಹಳೆ ಬಂದರಿನಿಂದ, ಮಂಜಿ ಎಂಬ ಸರಕಿನ ದೋಣಿಗಳಲ್ಲಿ. ಈ ನಂಟು ಹಳೆಯದು. ಕವರತ್ತಿಯ ಉತ್ತರಕ್ಕಿರುವ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಳೆಗಾಲದಲ್ಲಿ, ಅಂದರೆ ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ, ಮಂಜಿಗಳ ಓಡಾಟ ಬಂದ್. ಅಷ್ಟರೊಳಗೆ ಸಾಮಾನು ಬರದಿದ್ದರೆ ಮನೆ ಇದ್ದಲ್ಲೇ ನಿಲ್ಲುತ್ತದೆ. ಅರ್ಧಕ್ಕೆ ನಿಂತ ಕಂಬಗಳ ತಲೆಯಲ್ಲಿ ಚಾಚಿಕೊಂಡ ಸರಳುಗಳಿಗೆ ಸಿಮೆಂಟಿನ ತಿಳಿ ಬಳಿದು, ಪ್ಲಾಸ್ಟಿಕ್ ಸುತ್ತಿ ಕಟ್ಟಿರುತ್ತಾರೆ.

ನನ್ನ ದಾರಿಯಲ್ಲೇ ಅಂಥದೊಂದು ಮನೆಯಿತ್ತು. ಏಪ್ರಿಲ್ ಕೊನೆಗೆ ನಾನು ರಜೆಯ ಮೇಲೆ ಊರಿಗೆ ಹೊರಟದ್ದು ತಿಳಿದು ಯಜಮಾನರು ಗೇಟಿನ ಬಳಿ ಕಾದಿದ್ದರು. ಊರಿಂದ ಹಲ್ವ ತರಲು ಹೇಳುತ್ತಾರೇನೋ ಎಂದುಕೊಂಡೆ. ಅವರು ಕೈಗಿತ್ತದ್ದು ಏಜೆಂಟರ ಫೋನ್ ನಂಬರಿನ ಚೀಟಿ. "ಸಾರ್, ಒಮ್ಮೆ ಬಂದರಿಗೆ ಹೋಗಿ ನನ್ನ ಜಲ್ಲಿ ಮಂಜಿಗೆ ಏರಿದೆಯಾ ನೋಡಿ. ಏಜೆಂಟ್ ಏರಿದೆ ಅಂತಾನೆ. ನೀವು ಕಣ್ಣಾರೆ ನೋಡಿ ಹೇಳಿ."

ಹೋಗಿ ನೋಡಿದೆ. ಏರಿರಲಿಲ್ಲ.

ನಮಸ್ಕಾರ.