ಮಗ್ಗುಲು ಬದಲಿಸಿದರೆ ಮನೆ ತಿರುಗುವುದೇಕೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಳಗಿನ ಜಾವ ಎಚ್ಚರವಾಗುತ್ತದೆ. ಹಾಸಿಗೆಯಲ್ಲೇ ಬಲಕ್ಕೆ ಹೊರಳುತ್ತೀರಿ. ಅಷ್ಟಕ್ಕೇ ಇಡೀ ಕೋಣೆ ಗಿರ್ರನೆ ತಿರುಗತೊಡಗುತ್ತದೆ. ಹೊಟ್ಟೆ ತೊಳಸುತ್ತದೆ. ಮಂಚ ಹಿಡಿದುಕೊಂಡು ಕಣ್ಣು ಮುಚ್ಚುತ್ತೀರಿ. ಅರ್ಧ ನಿಮಿಷದಲ್ಲಿ ಎಲ್ಲ ನಿಲ್ಲುತ್ತದೆ. ಮತ್ತೆ ಆ ಕಡೆಗೇ ಹೊರಳಿದರೆ ಮತ್ತೆ ಅದೇ ಪಾಡು. ಮನೆಯಲ್ಲಿ ಒಬ್ಬರು ಪಿತ್ತ ಅನ್ನುತ್ತಾರೆ, ಇನ್ನೊಬ್ಬರು ಬಿಪಿ ಅನ್ನುತ್ತಾರೆ, ಮತ್ತೊಬ್ಬರು ಕತ್ತಿನ ಮೂಳೆ ಸವೆದಿದೆ ಅನ್ನುತ್ತಾರೆ. ಕಿವಿಯ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಆದರೆ ಮಗ್ಗುಲು ಬದಲಿಸಿದಾಗ ಬಂದು, ಒಂದು ನಿಮಿಷದೊಳಗೆ ಹೋಗುವ ತಲೆಸುತ್ತು ಹೆಚ್ಚಾಗಿ ಕಿವಿಯೊಳಗಿಂದಲೇ ಬರುತ್ತದೆ. ಅದಕ್ಕೆ ಒಳ್ಳೆಯ ಪರಿಹಾರವೂ ಇದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ತಿಂಗಳುಗಟ್ಟಲೆ ಹೆದರಿಕೊಂಡು ಬದುಕುತ್ತಾರೆ. ಹಾಗಾಗಿ ಇವತ್ತು ಈ ವಿಷಯ ಆರಿಸಿಕೊಂಡೆ.

ಮೊದಲು ಕಿವಿಯೊಳಗೆ ಏನಿದೆ ನೋಡೋಣ. ಶಬ್ದ ಬಂದಾಗ ಕಿವಿತಮಟೆ ಅದುರುತ್ತದೆ. ಅದಕ್ಕೆ ಅಂಟಿಕೊಂಡ ಮೂರು ಪುಟ್ಟ ಮೂಳೆಗಳು ಆ ಅದುರನ್ನು ಒಳಕ್ಕೆ ದಾಟಿಸುತ್ತವೆ. ಮೂರನೆಯದು ನಮ್ಮ ಮೈಯಲ್ಲೇ ಅತಿ ಚಿಕ್ಕ ಮೂಳೆ, ಸುಮಾರು 3 ಮಿಲಿಮೀಟರ್. ಅದರಾಚೆ ಇರುವುದು ಒಳಗಿವಿ. ತಲೆಬುರುಡೆಯ ಅತಿ ಗಟ್ಟಿ ಜಾಗದಲ್ಲಿ, ಮೂಳೆಯ ನಡುವೆ, ದ್ರವ ತುಂಬಿದ ಕೊಳವೆಗಳು ಹುದುಗಿಕೊಂಡಿವೆ. ಮುಂದಿನ ಭಾಗ ಶಂಖದ ಹಾಗೆ ಎರಡೂವರೆ ಸುತ್ತು ಸುತ್ತಿಕೊಂಡಿದೆ. ಕೇಳುವ ಕೆಲಸ ಅದರದು. ಕೀರಲು ದನಿಗಳು ಅದರ ಬಾಗಿಲ ಹತ್ತಿರವೇ ಸಿಕ್ಕಿಬೀಳುತ್ತವೆ, ದಪ್ಪ ದನಿಗಳು ತುದಿಯವರೆಗೆ ಹೋಗುತ್ತವೆ. ಅಲ್ಲಿರುವ ಸುಮಾರು 15,000 ಕೂದಲುಕೋಶಗಳು, ಅಂದರೆ ತುದಿಯಲ್ಲಿ ಕೂದಲಿನಂಥ ಎಳೆಗಳಿರುವ ಕೋಶಗಳು, ಅದುರನ್ನು ನರದ ಸಂಕೇತವಾಗಿ ಮಾಡುತ್ತವೆ. ಅವು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಹಕ್ಕಿಗಳಲ್ಲಿ ಹುಟ್ಟುತ್ತವೆ!

ಹಿಂದಿನ ಭಾಗದ ಕೆಲಸವೇ ಬೇರೆ. ಅಲ್ಲಿ ಮೂರು ಅರೆವೃತ್ತ ಕೊಳವೆಗಳಿವೆ, ಮೂರೂ ಮೂರು ದಿಕ್ಕಿಗೆ. ತಲೆಯನ್ನು ಎತ್ತ ತಿರುಗಿಸಿದರೂ ಒಂದಲ್ಲ ಒಂದು ಕೊಳವೆಗೆ ಗೊತ್ತಾಗುತ್ತದೆ. ಕೊಳವೆ ತಲೆಯ ಜೊತೆಗೇ ತಿರುಗುತ್ತದೆ, ಒಳಗಿನ ದ್ರವ ಸ್ವಲ್ಪ ಹಿಂದುಳಿಯುತ್ತದೆ. ಆ ವ್ಯತ್ಯಾಸಕ್ಕೆ ಅಲ್ಲಿನ ಕೂದಲುಕೋಶಗಳು ಬಾಗುತ್ತವೆ, ಸುದ್ದಿ ಮಿದುಳಿಗೆ ಹೋಗುತ್ತದೆ. ಚಿಕ್ಕವರಿದ್ದಾಗ ಕೈಕೈ ಹಿಡಿದು ಗಿರಗಿರನೆ ತಿರುಗಿ ತಟ್ಟನೆ ನಿಂತಿದ್ದು ನೆನಪಿದೆ, ಅಲ್ವಾ? ನಾವು ನಿಂತರೂ ಲೋಕ ತಿರುಗುತ್ತಲೇ ಇತ್ತು. ಒಳಗೆ ದ್ರವದ ತಳ್ಳಾಟ ಇನ್ನೂ ನಿಂತಿರಲಿಲ್ಲ, ಅದಕ್ಕೆ.

ಈ ಸುದ್ದಿ ಎಲ್ಲಕ್ಕಿಂತ ಮೊದಲು ಮುಟ್ಟುವುದು ಕಣ್ಣಿಗೆ. ಈಗಲೇ ಒಂದು ಪರೀಕ್ಷೆ ಮಾಡಿ ನೋಡಿ. ಪೇಪರನ್ನು ಮುಂದೆ ಅಲ್ಲಾಡದಂತೆ ಹಿಡಿದು, ತಲೆಯನ್ನು ಮಾತ್ರ ಆ ಕಡೆ ಈ ಕಡೆ ಬೇಗ ಬೇಗ ಆಡಿಸಿ. ಅಕ್ಷರ ಓದಲು ಬರುತ್ತದೆ. ಈಗ ತಲೆ ಹಾಗೇ ಇರಲಿ, ಪೇಪರನ್ನು ಅಷ್ಟೇ ವೇಗವಾಗಿ ಆಡಿಸಿ. ಅಕ್ಷರ ಕಲಸಿಹೋಗುತ್ತದೆ. ತಲೆ ಆಡಿದಾಗ ಕಿವಿ ಕಣ್ಣಿಗೆ ಹೇಳಿ, ಕಣ್ಣು ತಲೆಗೆ ಎದುರು ದಿಕ್ಕಿಗೆ ತಿರುಗಿತು. ಇದಕ್ಕೆ ಹಿಡಿಯುವುದು ಸೆಕೆಂಡಿನ ನೂರನೇ ಒಂದು ಪಾಲಿನಷ್ಟು ಹೊತ್ತು. ಪೇಪರ್ ಆಡಿದಾಗ ಕಿವಿಗೆ ಸುದ್ದಿಯೇ ಇಲ್ಲ. ನಡೆಯುತ್ತಾ ಅಂಗಡಿಯ ಬೋರ್ಡು ಓದುತ್ತೀರಲ್ಲ, ಅದು ಕಿವಿಯ ಉಪಕಾರ.

ಕೊಳವೆಗಳ ಬುಡದಲ್ಲಿ ಎರಡು ಚೀಲಗಳಿವೆ. ತಲೆ ವಾಲಿದ್ದು, ಬಸ್ಸು ಹೊರಟಿದ್ದು, ಲಿಫ್ಟ್ ಇಳಿದದ್ದು ಇವಕ್ಕೆ ತಿಳಿಯುತ್ತದೆ. ಇಲ್ಲಿನ ಕೂದಲುಕೋಶಗಳ ಮೇಲೆ ಲೋಳೆಯ ಪದರ, ಅದರ ಮೇಲೆ ಸಣ್ಣ ಸಣ್ಣ ಹರಳುಗಳು. ಒಂದೊಂದೂ ಮಿಲಿಮೀಟರಿನ ನೂರನೇ ಪಾಲಿನ ಆಸುಪಾಸು. ಕ್ಯಾಲ್ಸಿಯಂ ಕಾರ್ಬೋನೇಟ್, ಅಂದರೆ ಕಪ್ಪೆಚಿಪ್ಪಿನಲ್ಲಿರುವ ವಸ್ತುವೇ. ಈ ಹರಳುಗಳ ಭಾರ ಯಾವ ಕಡೆ ಎಳೆಯುತ್ತದೋ ಅದರಿಂದಲೇ ಕೆಳಗು ಯಾವುದು ಎಂದು ಮಿದುಳಿಗೆ ತಿಳಿಯುವುದು.

ನಮ್ಮ ಬೆಳಗಿನ ತಲೆಸುತ್ತಿಗೆ ಕಾರಣ ಈ ಹರಳುಗಳೇ. ವಯಸ್ಸಾದಂತೆ, ಅಥವಾ ತಲೆಗೆ ಪೆಟ್ಟು ಬಿದ್ದಾಗ, ಎಷ್ಟೋ ಸಲ ಯಾವ ಕಾರಣವೂ ಕಾಣದೆ, ಕೆಲವು ಹರಳು ಕಳಚಿಕೊಂಡು ಕೊಳವೆಯೊಳಗೆ ಹೋಗಿ ಸೇರುತ್ತವೆ. ಹೆಚ್ಚಾಗಿ ಹಿಂದಿನ ಕೊಳವೆಗೆ, ಯಾಕೆಂದರೆ ಅದೇ ತಗ್ಗಿನಲ್ಲಿರುವುದು. ನೀವು ಹೊರಳಿದಾಗ ಅವು ಜಾರುತ್ತವೆ, ದ್ರವವನ್ನೂ ಎಳೆಯುತ್ತವೆ. ತಲೆ ನಿಂತಿದ್ದರೂ ಕಿವಿ ‘ತಿರುಗುತ್ತಿದ್ದೇವೆ’ ಅನ್ನುತ್ತದೆ. ಹರಳು ತಳ ಮುಟ್ಟಿದ ಮೇಲೆ ಸುತ್ತು ನಿಲ್ಲುತ್ತದೆ. ಕೇಳುವ ಭಾಗಕ್ಕೆ ಇದರಿಂದ ತೊಂದರೆಯಿಲ್ಲ, ಕಿವಿ ಮೊದಲಿನಂತೆಯೇ ಕೇಳಿಸುತ್ತದೆ.

ಇಷ್ಟು ತಿಳಿಯಲು ಬಹಳ ಕಾಲ ಹಿಡಿಯಿತು. ಅರೆವೃತ್ತ ಕೊಳವೆಗಳೂ ಕೇಳುವುದಕ್ಕೇ ಇವೆ ಎಂದು ನಂಬಿದ್ದ ಕಾಲವಿತ್ತು. 1820ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನಿ ಪಿಯರ್ ಫ್ಲೂರಾನ್ಸ್ ಪಾರಿವಾಳಗಳಲ್ಲಿ ಆ ಕೊಳವೆ ಕತ್ತರಿಸಿ ನೋಡಿದರು. ಪಾರಿವಾಳಕ್ಕೆ ಕಿವಿ ಕೇಳಿಸುತ್ತಿತ್ತು, ನೆಟ್ಟಗೆ ನಿಲ್ಲಲು ಮಾತ್ರ ಆಗುತ್ತಿರಲಿಲ್ಲ. ಆಮೇಲೆ ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿ, ರೋಗಿಗಳ ಕಿವಿ ನೀರಿನಿಂದ ತೊಳೆಯುವಾಗ ಒಂದು ವಿಷಯ ಗಮನಿಸಿದರು. ತಣ್ಣೀರಿಗೆ ಕಣ್ಣುಗುಡ್ಡೆ ಒಂದು ಕಡೆ ಕುಣಿದರೆ ಬಿಸಿನೀರಿಗೆ ಇನ್ನೊಂದು ಕಡೆ. ಅದರಿಂದ ಹುಟ್ಟಿದ ಪರೀಕ್ಷೆ ಇಂದಿಗೂ ನಡೆಯುತ್ತಿದೆ. ಅವರಿಗೆ 1914ರ ನೊಬೆಲ್ ಬಂದಾಗ ಅವರು ರಷ್ಯಾದಲ್ಲಿ ಯುದ್ಧಕೈದಿ!

ಪರಿಹಾರ ಕೊಟ್ಟವರು ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಕಿವಿ ವೈದ್ಯ ಜಾನ್ ಎಪ್ಲಿ. ಹರಳು ಜಾರಿ ಒಳಗೆ ಬಂದಿದೆ ಎಂದಾದರೆ ತಲೆಯನ್ನು ಸರಿಯಾದ ಕ್ರಮದಲ್ಲಿ ತಿರುಗಿಸಿ ಜಾರಿಸಿಯೇ ಕೊಳವೆಯಿಂದ ಹೊರಗೆ ಕಳಿಸಬಹುದಲ್ಲ ಎಂದು ಅವರು ಯೋಚಿಸಿದರು. ಔಷಧಿ ಇಲ್ಲ, ಆಪರೇಷನ್ ಇಲ್ಲ, ಸುಮ್ನೆ ತಲೆ ತಿರುಗಿಸುವುದು! 1980ರ ಹೊತ್ತಿಗೆ ಹೇಳಿದಾಗ ಬಹಳ ಜನ ನಂಬಲಿಲ್ಲ. ಅವರ ಪ್ರಬಂಧ ಅಚ್ಚಾದದ್ದು 1992ರಲ್ಲಿ. ಈಗ ಲೋಕದೆಲ್ಲೆಡೆ ಇದೇ ಮೊದಲ ಚಿಕಿತ್ಸೆ.

ವೈದ್ಯರು ನಿಮ್ಮನ್ನು ಮಂಚದ ಮೇಲೆ ಕೂರಿಸಿ, ತಲೆಯನ್ನು ಒಂದು ಕಡೆ ತಿರುಗಿಸಿ, ಬೇಗ ಮಲಗಿಸುತ್ತಾರೆ. ಆಗ ಸುತ್ತು ಬರುತ್ತದೆ, ಕಣ್ಣುಗುಡ್ಡೆ ಕುಣಿಯುತ್ತದೆ. ಅದನ್ನು ನೋಡಿಯೇ ಯಾವ ಕಿವಿ, ಯಾವ ಕೊಳವೆ ಎಂದು ಗುರುತಿಸುತ್ತಾರೆ. ಆಮೇಲೆ ತಲೆಯನ್ನು ನಿಧಾನವಾಗಿ ಇನ್ನೊಂದು ಕಡೆಗೆ, ಮೈಯನ್ನೂ ಮಗ್ಗುಲಿಗೆ, ಕೊನೆಗೆ ಎಬ್ಬಿಸಿ ಕೂರಿಸುತ್ತಾರೆ. ಒಂದೊಂದು ಭಂಗಿಯಲ್ಲಿ ಅರ್ಧ ನಿಮಿಷದಿಂದ ಒಂದು ನಿಮಿಷ. ಹೆಚ್ಚಿನವರಿಗೆ ಒಂದೆರಡು ಸಲಕ್ಕೇ ಗುಣ ಕಾಣುತ್ತದೆ. ಕತ್ತು ನೋವಿದ್ದರೆ ಮೊದಲೇ ಹೇಳಿಬಿಡಿ. ಮೊದಲ ಸಲ ಮೊಬೈಲಿನ ವೀಡಿಯೊ ನೋಡಿ ನೀವೇ ಮಾಡಿಕೊಳ್ಳಬೇಡಿ. ಯಾವ ಕಿವಿ ಎಂದು ಗೊತ್ತಿಲ್ಲದೆ ಮಾಡಿದರೆ ಉಪಯೋಗವಿಲ್ಲ. ಕೆಲವರಿಗೆ ಮತ್ತೆ ಬರುವುದುಂಟು, ಆಗ ಮತ್ತೆ ಮಾಡಿಸಿಕೊಂಡರಾಯಿತು.

ಒಂದು ಮಾತನ್ನು ಒತ್ತಿ ಹೇಳಬೇಕು. ತಲೆಸುತ್ತು ತಡೆಯುವ ಮಾತ್ರೆಗಳು ಹರಳನ್ನು ಸರಿಸುವುದಿಲ್ಲ. ಜೋರಾಗಿ ವಾಂತಿಯಾಗುತ್ತಿದ್ದರೆ ಒಂದೆರಡು ದಿನಕ್ಕೆ ಸರಿ. ತಿಂಗಳುಗಟ್ಟಲೆ ನುಂಗಿದರೆ ಮಂಪರು ಜಾಸ್ತಿ, ವಯಸ್ಸಾದವರು ಬೀಳುವ ಅಪಾಯವೂ ಜಾಸ್ತಿ. ಕಿವಿಗೆ ಬಿಸಿ ಎಣ್ಣೆ ಬಿಡುವುದರಿಂದಲೂ ಈ ಸುತ್ತಿಗೆ ಏನೂ ಪ್ರಯೋಜನವಿಲ್ಲ. ಎಣ್ಣೆ ಕಿವಿತಮಟೆಯ ಹತ್ತಿರವೇ ನಿಲ್ಲುತ್ತದೆ.

ಎಲ್ಲ ತಲೆಸುತ್ತೂ ಇದೇ ಅಲ್ಲ. ಸುತ್ತಿನ ಜೊತೆ ಒಂದು ಕಿವಿ ಮಂದವಾಗಿ, ಗುಂಯ್ ಅನ್ನುತ್ತಾ, ಗಂಟೆಗಟ್ಟಲೆ ಇದ್ದರೆ ಅದು ಬೇರೆ ತೊಂದರೆ. ಕಿವಿ ಇದ್ದಕ್ಕಿದ್ದಂತೆ ಕೇಳಿಸದೆ ಹೋದರೆ ಅವತ್ತೇ ವೈದ್ಯರ ಬಳಿ ಹೋಗಿ, ನಾಳೆ ನೋಡೋಣ ಅನ್ನಬೇಡಿ. ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಬಾಯಿ ಸೊಟ್ಟಗಾದರೆ, ಕೈಕಾಲು ಸೋತರೆ, ನಿಲ್ಲಲೇ ಆಗದಿದ್ದರೆ ಅದು ಮಿದುಳಿನ ರಕ್ತನಾಳದ ತೊಂದರೆ ಇರಬಹುದು. ಆಗ ತಡಮಾಡದೆ 108ಕ್ಕೆ ಫೋನ್ ಮಾಡಿ.

ಉಳಿದವರು ಕಿವಿ ಮೂಗು ಗಂಟಲು ವೈದ್ಯರನ್ನು ನೋಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕೇಳುವ ತೊಂದರೆಯ ಪರೀಕ್ಷೆಗೆ ಅಷ್ಟೇ ಅಲ್ಲ, ತಲೆಸುತ್ತಿನ ಪರೀಕ್ಷೆಗೂ ಅಲ್ಲಿಗೆ ಹೋಗಬಹುದು. ಹೋದಾಗ ಮೂರು ವಿಷಯ ಬಿಡದೆ ಹೇಳಿ: ಸುತ್ತು ಎಷ್ಟು ಹೊತ್ತು ಇರುತ್ತದೆ, ಯಾವ ಕಡೆ ತಿರುಗಿದಾಗ ಬರುತ್ತದೆ, ಜೊತೆಗೆ ಕಿವಿ ಕೇಳಿಸುವುದರಲ್ಲಿ ವ್ಯತ್ಯಾಸ ಆಗಿದೆಯೇ. ಅಲ್ಲಿಯವರೆಗೆ ಹಾಸಿಗೆಯಿಂದ ತಟ್ಟನೆ ಏಳಬೇಡಿ, ಏಣಿ ಹತ್ತಬೇಡಿ, ಗಾಡಿ ಓಡಿಸಬೇಡಿ.

ನಮಸ್ಕಾರ.