ಮಕ್ಕಳು ದೊಡ್ಡವರಾದ ಮೇಲೆ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಿಗೆ ಆಟಿಸಂ ಎಂದರೇನು ಅಂತ ಮೊದಲಿನಿಂದ ಹೇಳಬೇಕಾಗಿಲ್ಲ. ಮಿದುಳು ಬೆಳೆಯುವ ರೀತಿಯೇ ಬೇರೆಯಾಗಿದ್ದು, ಜನರೊಡನೆ ಬೆರೆಯುವ, ಮಾತಾಡುವ, ಸುತ್ತಲಿನದನ್ನು ಗ್ರಹಿಸುವ ಬಗೆ ಬೇರೆಯಾಗಿರುವುದು. ನಿಮ್ಮಲ್ಲಿ ಅಪ್ಪ ಅಮ್ಮಂದಿರಿದ್ದೀರಿ, ಒಡಹುಟ್ಟಿದವರಿದ್ದೀರಿ, ಥೆರಪಿಸ್ಟ್‌ಗಳಿದ್ದೀರಿ. ಸ್ವತಃ ಆಟಿಸ್ಟಿಕ್, ಅಂದರೆ ಆಟಿಸಂ ಇರುವವರೂ ಇದ್ದೀರಿ. ಲಸಿಕೆಯಿಂದ ಆಟಿಸಂ ಬರುತ್ತದೆಯೇ, ಅಮ್ಮನ ಪ್ರೀತಿ ಕಡಿಮೆಯಾದರೆ ಬರುತ್ತದೆಯೇ ಅನ್ನುವ ಹಳೆಯ ಪ್ರಶ್ನೆಗಳಿಗೆ ಉತ್ತರ ಇಲ್ಲ, ಬರುವುದಿಲ್ಲ ಅಂತ ನಿಮಗೆಲ್ಲ ಗೊತ್ತಿದೆ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಏಪ್ರಿಲ್ 2 ವಿಶ್ವ ಆಟಿಸಂ ಜಾಗೃತಿ ದಿನ. 2008ರಿಂದ ನಡೆದುಕೊಂಡು ಬಂದಿದೆ. ಆ ದಿನದ ಪೋಸ್ಟರ್‌ಗಳನ್ನು ನೆನಪಿಸಿಕೊಳ್ಳಿ. ಹೆಚ್ಚಿನವುಗಳಲ್ಲಿ ಇರುವುದು ಮಗುವಿನ ಮುಖ. ಮಕ್ಕಳ ಬಗ್ಗೆ ಮಾತಾಡಬೇಕು, ನಿಜ. ಆದರೆ ಆ ಮಗುವಿಗೆ ಇಪ್ಪತ್ತಾಗುತ್ತದೆ, ನಲವತ್ತಾಗುತ್ತದೆ, ಎಪ್ಪತ್ತೂ ಆಗುತ್ತದೆ. ಬಾಲ್ಯ ಹದಿನೆಂಟು ವರ್ಷ. ಉಳಿದ ಐವತ್ತು ಅರವತ್ತು ವರ್ಷ ದೊಡ್ಡವರಾಗಿಯೇ ಬದುಕಬೇಕಲ್ವಾ? ಶಾಲೆ ಮುಗಿಯುತ್ತಿದ್ದ ಹಾಗೆ ಥೆರಪಿಯೂ ನಿಂತುಹೋಗುತ್ತದೆ, ವಿಚಾರಿಸುವವರೂ ಕಡಿಮೆಯಾಗುತ್ತಾರೆ.

ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಒಂದೇ ವಿಷಯ. ದೊಡ್ಡವರಾದ ಆಟಿಸ್ಟಿಕ್ ವ್ಯಕ್ತಿಯನ್ನು ತಿದ್ದುವುದಕ್ಕೆ ಕೈ ಹಾಕಬೇಡಿ. ಅವರ ಸುತ್ತ ಇರುವುದನ್ನು ತಿದ್ದಿ. ಏನನ್ನು ತಿದ್ದಬೇಕು ಅಂತ ಅವರನ್ನೇ ಕೇಳಿ. ಈ ಮಾತನ್ನು ಮತ್ತೆ ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಒಂದು ಕಥೆ ಹೇಳುತ್ತೇನೆ. ನನ್ನ ಮಾತು ಕೇಳಿದವರಿಗೆ ಇದು ಗೊತ್ತು. ಆದರೂ ಹೇಳದೇ ಇರಲು ಆಗುವುದಿಲ್ಲ.

1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳ ಬಗ್ಗೆ ಒಂದು ಲೇಖನ ಬರೆದರು. ಎಂಟು ಗಂಡು, ಮೂರು ಹೆಣ್ಣು. ಆಟಿಸಂಗೆ ಒಂದು ಗುರುತು ಕೊಟ್ಟ ಲೇಖನ ಅದು, ಆಟಿಸಂ ಬಗ್ಗೆ ಓದಿದವರೆಲ್ಲ ಅದರ ಹೆಸರು ಕೇಳಿರುತ್ತೀರಿ. ಅದರಲ್ಲಿ ಮೊದಲನೆಯ ಹುಡುಗ ಡೊನಾಲ್ಡ್. ಪೂರ್ತಿ ಹೆಸರು ಡೊನಾಲ್ಡ್ ಟ್ರಿಪ್ಲೆಟ್. ಅಮೆರಿಕದ ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನವನು, 1933ರಲ್ಲಿ ಹುಟ್ಟಿದವನು. ಮೂರು ವರ್ಷದವನಿದ್ದಾಗ ವೈದ್ಯರ ಮಾತು ಕೇಳಿ ಅವನನ್ನು ಮನೆಯಿಂದ ದೂರ ಒಂದು ಸಂಸ್ಥೆಯಲ್ಲಿ ಬಿಟ್ಟರು. ಮಗು ಅಲ್ಲಿ ಬಾಡಿಹೋಯಿತು. ಸುಮಾರು ಒಂದು ವರ್ಷವಾದ ಮೇಲೆ ಅಪ್ಪ ಅಮ್ಮ ಹೋಗಿ ವಾಪಸ್ ಕರೆದುಕೊಂಡು ಬಂದರು. ಅಪ್ಪ ವಕೀಲರು. ಕ್ಯಾನರ್‌ಗೆ 33 ಪುಟದ ಪತ್ರ ಬರೆದರು. ಮಗ ಏನು ಮಾಡುತ್ತಾನೆ, ಏನು ಮಾಡುವುದಿಲ್ಲ, ಯಾವ ಮಾತು ಹೇಗೆ ಹೇಳುತ್ತಾನೆ, ಎಲ್ಲವನ್ನೂ. ಮಗನನ್ನು ಹಾಗೆ ಕಣ್ಣಿಟ್ಟು ನೋಡಿದ ಆ ಅಪ್ಪನಿಗೆ ನಾವೆಲ್ಲ ಋಣಿಗಳು.

ಲೇಖನಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದಿಟ್ಟದ್ದು ಆಮೇಲೆ ನಡೆದದ್ದು. ಹುಡುಗನಿಗೆ ಒಂಬತ್ತರ ಸುಮಾರಿಗೆ ಹತ್ತಿರದ ಹೊಲವೊಂದರಲ್ಲಿ ರೈತ ದಂಪತಿಯ ಜೊತೆ ಇರಲು ಕಳಿಸಿದರು. ಆ ಗಂಡ ಹೆಂಡತಿ ಮನೋವಿಜ್ಞಾನ ಓದಿದವರೇನಲ್ಲ. ಹುಡುಗನಿಗೆ ಅಳೆಯುವ ಹುಚ್ಚು. ಅವರು ಬಾವಿ ತೋಡಿಸಿ ಆಳ ಎಷ್ಟಾಯಿತು ಹೇಳು ಎಂದರು. ಸತ್ತ ಹಕ್ಕಿ, ಹುಳು ಕೂಡಿಡುತ್ತಿದ್ದ. ಅವಕ್ಕೆ ಸ್ಮಶಾನ ಮಾಡಿಕೋ ಅಂತ ಒಂದು ಜಾಗ ಬಿಟ್ಟುಕೊಟ್ಟರು. ಜೋಳದ ಸಾಲುಗಳನ್ನು ಎಣಿಸುತ್ತಲೇ ಇರುತ್ತಿದ್ದ. ಸರಿ, ನೇಗಿಲು ಹಿಡಿದುಕೊಂಡು ಎಣಿಸು ಎಂದರು. 1945ರಲ್ಲಿ ಕ್ಯಾನರ್ ಅಲ್ಲಿಗೆ ಹೋದಾಗ ಹುಡುಗ ಕುದುರೆ ಕಟ್ಟಿ ಉದ್ದುದ್ದ ಸಾಲು ಉಳುತ್ತಿದ್ದ. ಕೊನೆಯಲ್ಲಿ ಕುದುರೆ ತಿರುಗಿಸುವುದೂ ಅವನೇ.

ಎಣಿಸಬೇಡ ಅಂತ ಅವರು ಒಂದು ದಿನವೂ ಹೇಳಿದ ಹಾಗೆ ಕಾಣುವುದಿಲ್ಲ. ಎಣಿಸುವುದಕ್ಕೆ ಸಾಲು ಕೊಟ್ಟರು. ಇದಕ್ಕಿಂತ ಒಳ್ಳೆಯ ಸಪೋರ್ಟ್ ಪ್ಲಾನ್ ನಾನು ಎಲ್ಲೂ ನೋಡಿಲ್ಲ.

ಡೊನಾಲ್ಡ್ ಕಾಲೇಜಿಗೆ ಹೋದರು, ಫ್ರೆಂಚ್ ಓದಿದರು, ಊರಿನ ಬ್ಯಾಂಕಿನಲ್ಲಿ ದಶಕಗಳ ಕಾಲ ಕೆಲಸ ಮಾಡಿದರು. 27ನೇ ವಯಸ್ಸಿನಲ್ಲಿ ಕಾರು ಓಡಿಸಲು ಕಲಿತರು. ಗಾಲ್ಫ್ ಆಡಿದರು, ಒಬ್ಬರೇ ದೇಶ ದೇಶ ಸುತ್ತಿದರು. ಊರಿನ ಗೆಳೆಯರಿಗೆಲ್ಲ ಒಂದೊಂದು ನಂಬರ್ ಕೊಟ್ಟಿದ್ದರಂತೆ, ಎಷ್ಟೋ ವರ್ಷದ ನಂತರವೂ ಮರೆಯುತ್ತಿರಲಿಲ್ಲವಂತೆ. ನಂಬರ್ ಸಿಕ್ಕವರಿಗೆ ಅದೊಂದು ಹೆಮ್ಮೆ! 2023ರಲ್ಲಿ ತೀರಿಕೊಂಡಾಗ ಅವರಿಗೆ 89. ಕೊನೆಯವರೆಗೂ ಅವರು ಆಟಿಸ್ಟಿಕ್ ಆಗಿಯೇ ಇದ್ದರು. ಮಾತು ಚುಟುಕು, ದಿನಚರಿ ಗಟ್ಟಿ.

ಅವರದು ಅನುಕೂಲಸ್ಥ ಮನೆ, ಬ್ಯಾಂಕು ತಾಯಿಯ ಮನೆಯವರದೇ. ಅದನ್ನು ಮುಚ್ಚಿಡುವುದು ಬೇಡ. ಎಲ್ಲರಿಗೂ ಅಂಥ ಮನೆ ಸಿಗುವುದಿಲ್ಲ. ಆದರೆ 1971ರಲ್ಲಿ ಕ್ಯಾನರ್ ಆ 11 ಮಕ್ಕಳು ಏನಾದರು ಅಂತ ಹುಡುಕಿಕೊಂಡು ಹೋದರು. ದೊಡ್ಡ ಸರ್ಕಾರಿ ಆಸ್ಪತ್ರೆಗಳಿಗೆ ಸೇರಿದವರು ಚಿಕ್ಕಂದಿನಲ್ಲಿ ಇದ್ದ ಚುರುಕನ್ನೂ ಕಳೆದುಕೊಂಡಿದ್ದರು. ಅಲ್ಲಿಗೆ ಸೇರಿಸಿದ್ದು ಜೀವಾವಧಿ ಶಿಕ್ಷೆಗೆ ಸಮ ಅನ್ನುವ ಅರ್ಥದಲ್ಲಿ ಕ್ಯಾನರ್ ಬರೆದರು. ಆಟಿಸಂ ಅವರಿಗೂ ಇತ್ತು, ಡೊನಾಲ್ಡ್‌ಗೂ ಇತ್ತು. ಸುತ್ತಲಿನ ಜನ ಬೇರೆ. ನನ್ನ ವಾದ ನಿಂತಿರುವುದು ಇಲ್ಲೇ.

ಈಗ ನಮ್ಮ ನಡುವೆಯೇ ಇದ್ದು ಕಾಣದೆ ಉಳಿದವರ ವಿಷಯ. ವೈದ್ಯರು ಲಕ್ಷಣ ನೋಡಿ ಗುರುತಿಸಲು ಬಳಸುವ ಅಮೆರಿಕದ ಮನೋರೋಗ ಕೈಪಿಡಿಯಲ್ಲಿ ಆಟಿಸಂಗೆ ಪ್ರತ್ಯೇಕ ಜಾಗ ಸಿಕ್ಕಿದ್ದು 1980ರಲ್ಲಿ. ಸರಾಗವಾಗಿ ಮಾತಾಡುವ ಆಟಿಸ್ಟಿಕ್ ಜನರನ್ನು ಆಸ್ಪರ್ಜರ್ ಎಂಬ ಹೆಸರಿನಲ್ಲಿ ಅದು ಗುರುತಿಸಿದ್ದು 1994ರಲ್ಲಿ. 2013ರಲ್ಲಿ ಎಲ್ಲವನ್ನೂ ಆಟಿಸಂ ಸ್ಪೆಕ್ಟ್ರಮ್ ಎಂಬ ಒಂದೇ ಹೆಸರಿನಡಿ ತಂದರು. ಬೆಳಕು, ಸದ್ದು, ಸ್ಪರ್ಶ ಜಾಸ್ತಿಯಾಗಿಯೋ ಕಡಿಮೆಯಾಗಿಯೋ ತಟ್ಟುವುದನ್ನು ಲಕ್ಷಣಗಳ ಪಟ್ಟಿಗೆ ಸೇರಿಸಿದ್ದೂ ಆಗಲೇ. ಈಗ ಲೆಕ್ಕ ಹಾಕಿ. 1970ರಲ್ಲಿ ಹುಟ್ಟಿದವರಿಗೆ 1994ರಲ್ಲಿ 24 ವರ್ಷ. ಶಾಲೆಯಲ್ಲಿ ಅವರನ್ನು ಗುರುತಿಸುವವರು ಯಾರಿದ್ದರು? ಮೊಂಡ, ಅಹಂಕಾರಿ, ವಿಚಿತ್ರ, ನಾಚಿಕೆ ಸ್ವಭಾವ ಅಂತ ಹೆಸರಿಟ್ಟು ಬಿಟ್ಟರು. ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಸುಮ್ನೆ ಕೂತಿರುವ ಹುಡುಗಿಯನ್ನು ಒಳ್ಳೆಯ ಹುಡುಗಿ ಅಂತ ಕರೆದು ಮುಂದೆ ಹೋಗುತ್ತಾರೆ. ಎಷ್ಟೋ ಹೆಂಗಸರಿಗೆ ತಮ್ಮ ವಿಷಯ ತಿಳಿಯುವುದು ಮಗುವನ್ನು ತಪಾಸಣೆಗೆ ಕರೆದುಕೊಂಡು ಹೋದಾಗ. ಡಾಕ್ಟರ್ ಮಗುವಿನ ಬಗ್ಗೆ ಕೇಳುತ್ತಾ ಹೋಗುತ್ತಾರೆ, ಅಮ್ಮ ಒಳಗೇ ಅಂದುಕೊಳ್ಳುತ್ತಾಳೆ, ಇದೆಲ್ಲ ನನಗೂ ಹೀಗೇ ಅಲ್ವಾ?

ಇವರೆಲ್ಲ ಅಷ್ಟು ವರ್ಷ ಹೇಗೆ ನಿಭಾಯಿಸಿದರು? ಮಾಸ್ಕಿಂಗ್ ಅಂತ ನೀವು ಕೇಳಿದ್ದೀರಿ, ಆಟಿಸಂ ಹೊರಗೆ ಕಾಣದ ಹಾಗೆ ಮುಚ್ಚಿಕೊಳ್ಳುವುದು. ಬೇರೆಯವರನ್ನು ನೋಡಿ ನಗುವುದು ಯಾವಾಗ ಅಂತ ಕಲಿಯುವುದು. ಕಣ್ಣಲ್ಲಿ ಕಣ್ಣಿಡಲು ಹಿಂಸೆಯಾದರೂ ಹುಬ್ಬಿನ ಕಡೆ ನೋಡಿ ಸಂಭಾಳಿಸುವುದು. ಫೋನ್ ಮಾಡುವ ಮೊದಲು ಹೇಳಬೇಕಾದ್ದನ್ನೆಲ್ಲ ಬರೆದುಕೊಳ್ಳುವುದು. ಕೈ ಆಡಿಸಬೇಕು ಅನ್ನಿಸಿದರೆ ಜೇಬಿನೊಳಗೆ ಮುಷ್ಟಿ ಕಟ್ಟುವುದು. ಇದು ದಿನವಿಡೀ ನಡೆಯುತ್ತದೆ. ಮನೆಗೆ ಬಂದಾಗ ಮಾತಾಡುವುದಕ್ಕೂ ಶಕ್ತಿ ಇರುವುದಿಲ್ಲ. ವರ್ಷಗಟ್ಟಲೆ ಹೀಗೆ ಮಾಡಿದವರು ಒಂದು ದಿನ ಕುಸಿಯುತ್ತಾರೆ. ಮೊದಲು ಸಲೀಸಾಗಿ ಮಾಡುತ್ತಿದ್ದ ಕೆಲಸ ಆಗುವುದಿಲ್ಲ. ಸ್ನಾನವೂ ಬೆಟ್ಟ ಹತ್ತಿದಂತೆ ಆಗುತ್ತದೆ. ಅದನ್ನೇ ಆಟಿಸ್ಟಿಕ್ ಬರ್ನ್‌ಔಟ್ ಅನ್ನುತ್ತಾರೆ. ಅದನ್ನು ಸೋಮಾರಿತನ ಅಂತ ದಯವಿಟ್ಟು ಕರೆಯಬೇಡಿ. "ನಿನ್ನನ್ನು ನೋಡಿದರೆ ಆಟಿಸ್ಟಿಕ್ ಅಂತ ಅನ್ನಿಸುವುದೇ ಇಲ್ಲ" ಅನ್ನುವುದನ್ನೂ ಬಿಡಿ. ಹೊಗಳಿಕೆ ಅಂದುಕೊಂಡು ಹೇಳುತ್ತೇವೆ. ಹಾಗೆ ಕಾಣದಿರಲು ಅವರು ಎಷ್ಟು ತೆತ್ತಿದ್ದಾರೆ ಅನ್ನುವುದು ನಮಗೆ ಗೊತ್ತಿರುವುದಿಲ್ಲ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಅವರಿಗೆ ಬೇರೆಯವರ ಮನಸ್ಸು ಅರ್ಥವಾಗುವುದಿಲ್ಲ, ಅದಕ್ಕೇ ಕಷ್ಟ ಅಂತ ಹೇಳುತ್ತಾರಲ್ಲ? 2012ರಲ್ಲಿ ಡೇಮಿಯನ್ ಮಿಲ್ಟನ್ ಎಂಬ ಸಂಶೋಧಕರು, ಅವರೂ ಆಟಿಸ್ಟಿಕ್, ಈ ಮಾತನ್ನು ತಿರುಗಿಸಿ ಕೇಳಿದರು. ನಮಗೆ ನೀವು ಅರ್ಥವಾಗದಿದ್ದರೆ, ನಿಮಗೆ ನಾವು ಅರ್ಥವಾಗಿದ್ದೇವೆಯೇ? ತೊಡಕು ಎರಡೂ ಕಡೆ ಇದೆ ಅನ್ನುವುದು ಅವರ ವಾದ. ಆಮೇಲೆ 2020ರಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. ಒಬ್ಬರ ಕಿವಿಯಿಂದ ಇನ್ನೊಬ್ಬರಿಗೆ ಕಥೆ ದಾಟಿಸುವ ಆಟದಂಥದ್ದು. ಬರೀ ಆಟಿಸ್ಟಿಕ್ ಜನರ ಸಾಲು, ಆಟಿಸ್ಟಿಕ್ ಅಲ್ಲದವರ ಸಾಲು, ಬೆರೆಸಿದ ಸಾಲು. ಮೊದಲೆರಡು ಸಾಲುಗಳಲ್ಲಿ ಕಥೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಉಳಿಯಿತು. ಬೆರೆಸಿದ ಸಾಲಿನಲ್ಲಿ ಜಾಸ್ತಿ ಸೋರಿಹೋಯಿತು. 2025ರಲ್ಲಿ ಇನ್ನೂ ಹೆಚ್ಚು ಜನರನ್ನಿಟ್ಟುಕೊಂಡು ಮಾಡಿದಾಗ ಮೂರೂ ಸಾಲುಗಳು ಹತ್ತಿರ ಹತ್ತಿರ ಸಮನಾಗಿದ್ದವು. ಬೆರೆತಾಗ ಏನಾಗುತ್ತದೆ ಅನ್ನುವ ಚರ್ಚೆ ಮುಂದುವರಿಯಲಿ. ಆದರೆ ಆಟಿಸ್ಟಿಕ್ ಜನರಿಗೆ ವಿಷಯ ದಾಟಿಸಲು ಬರುವುದಿಲ್ಲ ಅನ್ನುವ ಮಾತಿಗೆ ಎರಡು ಸಲವೂ ಆಧಾರ ಸಿಗಲಿಲ್ಲ.

ಹಾಗಾದರೆ ಮಾತಿನಲ್ಲಿ ನಾವೂ ಅರ್ಧ ದಾರಿ ನಡೆಯಬೇಕು. "ಆಮೇಲೆ ನೋಡೋಣ" ಅನ್ನುತ್ತೇವೆ. ಆಮೇಲೆ ಎಂದರೆ ಯಾವಾಗ? ಇವತ್ತು ಸಂಜೆಯೇ? ಅಥವಾ ಬೇಡ ಅಂತ ಅರ್ಥವೇ? ನಾಳೆ ಹನ್ನೊಂದು ಗಂಟೆಗೆ ಹೇಳುತ್ತೇನೆ ಅಂದರೆ ಮುಗಿಯಿತು. ಕೇಳಿದ ಪ್ರಶ್ನೆಗೆ ಉತ್ತರ ತಡವಾದರೆ ಕಾಯಿರಿ. ಅದೇ ಪ್ರಶ್ನೆಯನ್ನು ಬೇರೆ ಪದಗಳಲ್ಲಿ ಮತ್ತೆ ಕೇಳಿದರೆ ಅವರು ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಸಂಘಟಕರು ಚೀಟಿ ಕಳಿಸಿದ್ದಾರೆ, ಹತ್ತು ನಿಮಿಷ. ಡೊನಾಲ್ಡ್ ಜಾಸ್ತಿ ಸಮಯ ತೆಗೆದುಕೊಂಡುಬಿಟ್ಟರು. ಇರಲಿ.

ಕೆಲಸದ ಜಾಗದ ಬಗ್ಗೆ ಬೇಗ ಹೇಳುತ್ತೇನೆ. ಸಂದರ್ಶನದ ಪ್ರಶ್ನೆಗಳನ್ನು ಮೊದಲೇ ಕಳಿಸಿ. ಕೆಲಸ ಬರುತ್ತದೆಯೇ ಅಂತ ನೋಡಬೇಕಾದರೆ ಕೆಲಸ ಮಾಡಿಸಿ ನೋಡಿ, ಹರಟೆ ಹೊಡೆಯಲು ಬರುತ್ತದೆಯೇ ಅಂತ ಪರೀಕ್ಷಿಸಬೇಡಿ. ಸೂಚನೆಗಳು ಬರಹದಲ್ಲಿರಲಿ. ಹೆಡ್‌ಫೋನ್ ಹಾಕಿಕೊಂಡರೆ ಆಕ್ಷೇಪ ಬೇಡ. ತಲೆ ಮೇಲಿನ ಟ್ಯೂಬ್‌ಲೈಟ್ ಒಂದನ್ನು ಆರಿಸಿದರೆ ಅರ್ಧ ತಲೆನೋವು ಹೋಗುವವರಿದ್ದಾರೆ. ಇದರಲ್ಲಿ ಯಾವುದು ಯಾರಿಗೆ ಬೇಕು ಅನ್ನುವುದಕ್ಕೆ ಪಟ್ಟಿ ಇಲ್ಲ. ಮತ್ತೆ ಅದೇ ಮಾತು, ಅವರನ್ನೇ ಕೇಳಿ.

ಕೇಳಿದರೆ ಹೇಳಲಾಗದವರ ಗತಿ ಏನು ಅಂತ ಕೆಲವು ತಂದೆತಾಯಿಯರು ಯೋಚಿಸುತ್ತಿರಬಹುದು. ಮಾತೇ ಇಲ್ಲದ, ಊಟ ಸ್ನಾನಕ್ಕೂ ಜೊತೆಗೊಬ್ಬರು ಬೇಕಾದ ವಯಸ್ಕರಿದ್ದಾರೆ. ಅವರನ್ನು ಬಿಟ್ಟು ಮಾತಾಡುವ ಹಕ್ಕು ನನಗಿಲ್ಲ. ಮಾತಿಲ್ಲ ಎಂದರೆ ಹೇಳುವುದಕ್ಕೇನೂ ಇಲ್ಲ ಅಂತಲ್ಲ. ಚಿತ್ರದ ಹಲಗೆ, ಟ್ಯಾಬ್ಲೆಟ್, ಸನ್ನೆ, ಇವು ಮಕ್ಕಳಿಗೆ ಮಾತ್ರ ಅಂತ ಯಾರು ಹೇಳಿದರು? ಮೂವತ್ತು ವರ್ಷದವರಿಗೂ ಕಲಿಸಬಹುದು. ಬಟ್ಟೆ ಆರಿಸುವುದು, ಬಾಗಿಲು ಹಾಕಿಕೊಳ್ಳುವುದು, ಬೇಡ ಅನ್ನುವುದು, ಇವು ಅವರ ಹಕ್ಕು. "ನಾವು ಹೋದ ಮೇಲೆ ಯಾರು?" ಅನ್ನುವುದು ನಿಮ್ಮನ್ನು ನಿದ್ದೆ ಮಾಡಲು ಬಿಡದ ಪ್ರಶ್ನೆ. ಅದಕ್ಕೆ ಸುಲಭದ ಉತ್ತರ ಇಲ್ಲ. ನೀವು ಗಟ್ಟಿಯಾಗಿರುವಾಗಲೇ ಇನ್ನೊಬ್ಬರನ್ನು, ಇನ್ನೊಂದು ಜಾಗವನ್ನು ನಿಧಾನವಾಗಿ ರೂಢಿ ಮಾಡಿಸಿ. ಅವರ ಇಷ್ಟ, ಅವರ ಹೆದರಿಕೆ, ನೋವಾದಾಗ ಹೇಗೆ ತೋರಿಸುತ್ತಾರೆ, ಎಲ್ಲವನ್ನೂ ಬರೆದಿಡಿ. ಆ ಅಪ್ಪ 33 ಪುಟ ಬರೆದರಲ್ಲ, ಹಾಗೆ.

ಆರೋಗ್ಯದ್ದು ಎರಡೇ ಮಾತು. ಆಟಿಸ್ಟಿಕ್ ಜನರಲ್ಲಿ ಮೂರ್ಛೆರೋಗ, ಆತಂಕ, ಖಿನ್ನತೆ ಹೆಚ್ಚು. ಆತ್ಮಹತ್ಯೆಯ ಅಪಾಯವೂ ಹೆಚ್ಚು. ನಗುತ್ತಾ ಮಾತಾಡುತ್ತಿದ್ದಾರೆ ಅಂತ ಚೆನ್ನಾಗಿದ್ದಾರೆ ಅಂದುಕೊಳ್ಳಬೇಡಿ, ನೇರವಾಗಿ ವಿಚಾರಿಸಿ. ಡಾಕ್ಟರುಗಳಿಗೆ ನನ್ನ ಮನವಿ, ನೋವು ಹತ್ತರಲ್ಲಿ ಎಷ್ಟು ಅಂತ ಕೇಳಿ ನಿಲ್ಲಿಸಬೇಡಿ. ಮೈಯೊಳಗಿನ ನೋವು, ಹಸಿವು ಸರಿಯಾಗಿ ಗೊತ್ತಾಗದವರು ಇವರಲ್ಲಿ ಬಹಳ. ನಿನ್ನೆ ಮಾಡಿದ ಯಾವ ಕೆಲಸ ಇವತ್ತು ಆಗುತ್ತಿಲ್ಲ ಅಂತ ಕೇಳಿ.

ಮೆಲ್ಟ್‌ಡೌನ್, ಅಂದರೆ ಸದ್ದು, ಒತ್ತಡ ತಾಳಲಾಗದೆ ಹಿಡಿತ ತಪ್ಪಿಹೋಗುವುದು, ಅದರ ಬಗ್ಗೆ ವಿವರವಾಗಿ ಹೇಳಬೇಕಿತ್ತು. ಸಮಯವಿಲ್ಲ. ಮಾತು ಕಡಿಮೆ ಮಾಡಿ, ಬೆಳಕು ಕಡಿಮೆ ಮಾಡಿ, ಕೇಳದೆ ಮುಟ್ಟಬೇಡಿ, ಸುತ್ತ ನೆರೆದವರನ್ನು ಕಳಿಸಿ, ಕಾಯಿರಿ. ಮದುವೆ, ಸಂಗಾತಿ, ವೃದ್ಧಾಪ್ಯ ಅಂತ ಇನ್ನೂ ಮೂರು ವಿಷಯ ಬರೆದುಕೊಂಡು ಬಂದಿದ್ದೆ. ಚರ್ಚೆಯಲ್ಲಿ ಯಾರಾದರೂ ಎತ್ತಿದರೆ ಖಂಡಿತ ಮಾತಾಡುತ್ತೇನೆ.

ಪ್ರಶ್ನೆ ಕೇಳಲು ಮೈಕ್ ಹಿಡಿಯಲೇಬೇಕು ಅಂತಿಲ್ಲ. ಚೀಟಿಯಲ್ಲಿ ಬರೆದು ಕಳಿಸಿ, ಹೆಸರು ಬೇಡ. ಈಗ ತೋಚದಿದ್ದರೆ ಮನೆಗೆ ಹೋಗಿ ಬರೆದು ಕಳಿಸಿ, ಒಂದು ವಾರದೊಳಗೆ ಬರಹದಲ್ಲೇ ಉತ್ತರಿಸುತ್ತೇನೆ. ಮೊದಲ ಪ್ರಶ್ನೆ ಆಟಿಸ್ಟಿಕ್ ಆಗಿರುವವರಿಂದಲೇ ಬರಲಿ.