ಬೇಗ ಕೊಂದರೆ ವೈರಸ್ಸಿಗೇ ನಷ್ಟ

ಕೇಳುಗರೇ, ನಮಸ್ಕಾರ.

ದನಗಳ ಚರ್ಮಗಂಟು ರೋಗವನ್ನು ಕರ್ನಾಟಕದ ಹೈನುಗಾರರಿಗೆ ಪರಿಚಯಿಸಬೇಕಾಗಿಲ್ಲ. ನೊಣ, ಸೊಳ್ಳೆಗಳ ಮೂಲಕ ಹಟ್ಟಿಯಿಂದ ಹಟ್ಟಿಗೆ ದಾಟುವ ಆ ರೋಗದ ವೈರಸ್ ಸಿಡುಬಿನ ಕುಟುಂಬಕ್ಕೆ ಸೇರಿದ್ದು. ಅದೇ ಕುಟುಂಬದ ಇನ್ನೊಂದು ವೈರಸ್ ಮೊಲಗಳ ಬೆನ್ನು ಹತ್ತಿದೆ. ಅದು ತರುವ ರೋಗದ ಹೆಸರು ಮಿಕ್ಸೊಮಟೋಸಿಸ್. ಮನುಷ್ಯರಿಗೆ ಇದು ಅಂಟುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅದನ್ನು ಸ್ವಂತ ಮೈಮೇಲೆ ಸಾಬೀತುಪಡಿಸಿದವರೂ ಇದ್ದಾರೆ.

ವೈರಸ್ಸಿನ ತವರು ದಕ್ಷಿಣ ಅಮೆರಿಕ. ಅಲ್ಲಿನ ಕಾಡುಮೊಲಕ್ಕೆ ಚರ್ಮದಲ್ಲಿ ಒಂದು ಗಂಟು ಏಳುತ್ತದೆ, ಅಷ್ಟೇ. ಯುರೋಪಿನ ಮೊಲದ ಗತಿ ಬೇರೆ. ನಾವು ಗೂಡಿನಲ್ಲಿ ಸಾಕುವ ಮೊಲಗಳೆಲ್ಲ ಈ ಯುರೋಪಿನ ಮೊಲದ ಸಂತತಿಯವು. 1896ರಲ್ಲಿ ಉರುಗ್ವೆಯ ಮಾಂಟೆವಿಡಿಯೊದಲ್ಲಿ ಜುಸೆಪ್ಪೆ ಸನರೆಲ್ಲಿ ಎಂಬ ವಿಜ್ಞಾನಿಯ ಪ್ರಯೋಗಾಲಯದ ಮೊಲಗಳು ಸತ್ತಾಗ ಈ ರೋಗ ಮೊದಲ ಬಾರಿಗೆ ದಾಖಲಾಯಿತು.

ಉಗ್ರ ತಳಿಯ ವೈರಸ್ ಹೊತ್ತ ಸೊಳ್ಳೆಯೊಂದು ಮೊಲವನ್ನು ಕಚ್ಚಿತು ಎನ್ನೋಣ. ನಾಲ್ಕೈದು ದಿನಗಳಲ್ಲಿ ಕಚ್ಚಿದ ಜಾಗದಲ್ಲಿ ಕೆಂಪು ಗಂಟು ಕಾಣಿಸಿಕೊಳ್ಳುತ್ತದೆ. ರೋಮದಡಿ ಇರುವ ಅದು ಸಾಕಿದವರ ಕಣ್ಣಿಗೆ ಬೀಳುವುದು ಅಪರೂಪ. ಅಷ್ಟರಲ್ಲಿ ವೈರಸ್ ಹತ್ತಿರದ ದುಗ್ಧರಸ ಗ್ರಂಥಿಗೆ, ಅಂದರೆ ಲಿಂಫ್ ಗ್ರಂಥಿಗೆ ಇಳಿದು, ಮೈ ಕಾಯಬೇಕಾದ ಬಿಳಿ ರಕ್ತಕಣಗಳಲ್ಲೇ ವೃದ್ಧಿಯಾಗಿ ದೇಹವೆಲ್ಲ ಹರಡಿರುತ್ತದೆ. ಆರು ಅಥವಾ ಏಳನೆಯ ದಿನ ಕಣ್ಣಿನ ರೆಪ್ಪೆಗಳು ಊದಿಕೊಂಡು ನೀರು ಸುರಿಯತೊಡಗುತ್ತದೆ. ಬೇಗನೆ ಆ ನೀರು ಕೀವಾಗಿ ರೆಪ್ಪೆಗಳು ಅಂಟಿಕೊಳ್ಳುತ್ತವೆ, ಮೊಲಕ್ಕೆ ದಾರಿ ಕಾಣದಂತಾಗುತ್ತದೆ. ಕಿವಿಯ ಬುಡ ದಪ್ಪಗಾಗಿ ಕಿವಿಗಳು ಜೋತುಬೀಳುತ್ತವೆ. ಹಣೆ, ಮೂತಿ ಊದಿ ಮುಖ ಎಷ್ಟು ಬದಲಾಗುತ್ತದೆಂದರೆ ಪಶುವೈದ್ಯರು ಅದನ್ನು ಸಿಂಹದ ಮುಖ ಎಂದೇ ಕರೆಯುತ್ತಾರೆ. ಗುದದ್ವಾರ ಮತ್ತು ಜನನಾಂಗದ ಸುತ್ತಲೂ ಊತ ಬರುತ್ತದೆ. ಜ್ವರವಂತೂ ಇದ್ದೇ ಇರುತ್ತದೆ.

ಮೂಗು ಕಟ್ಟಿದ ಮೇಲೆ ಸಂಕಟ ಇನ್ನೂ ಹೆಚ್ಚುತ್ತದೆ, ಏಕೆಂದರೆ ಮೊಲ ಮೂಗಿನಿಂದಲೇ ಉಸಿರಾಡುವ ಪ್ರಾಣಿ. ಆ ಹೊತ್ತಿಗೆ ಬ್ಯಾಕ್ಟೀರಿಯಾಗಳೂ ಸೇರಿಕೊಂಡು ನ್ಯುಮೋನಿಯಾ ಆಗುತ್ತದೆ. ವಿಚಿತ್ರವೆಂದರೆ ಎಷ್ಟೋ ಮೊಲಗಳು ಸಾವಿಗೆ ಸ್ವಲ್ಪ ಮೊದಲಿನವರೆಗೂ ಮೇವು ತಿನ್ನುತ್ತಿರುತ್ತವೆ. ಹಸಿವಿದೆಯಲ್ಲ, ಚೇತರಿಸಿಕೊಳ್ಳುತ್ತದೆ ಎಂದು ನಂಬಿ ಕೂರುವಂತಿಲ್ಲ. ಉಗ್ರ ತಳಿಯಾದರೆ ಹತ್ತರಿಂದ ಹನ್ನೆರಡು ದಿನಗಳಲ್ಲಿ ಸಾವು. ಸೌಮ್ಯ ತಳಿಯಾದರೆ ಗಂಟುಗಳು ವಾರಗಟ್ಟಲೆ ಉಳಿದು, ಹಕ್ಕಳೆಗಟ್ಟಿ ಉದುರುತ್ತವೆ. ಗಂಟುಗಳು ವಿರಳವಾಗಿದ್ದು ಉಸಿರಾಟದ ತೊಂದರೆಯೇ ಎದ್ದುಕಾಣುವ ಇನ್ನೊಂದು ರೂಪವೂ ಉಂಟು. ಅದು ಸೊಳ್ಳೆಯ ಹಂಗಿಲ್ಲದೆ ಮೊಲದಿಂದ ಮೊಲಕ್ಕೆ ನೇರವಾಗಿ ಹರಡಬಲ್ಲದು.

ಮೊಲ ಸಾಯಲು ಹಿಡಿಯುವ ಈ ದಿನಗಳ ಲೆಕ್ಕ ಎಷ್ಟು ಮುಖ್ಯವೆಂಬುದು ತಿಳಿದದ್ದು ಆಸ್ಟ್ರೇಲಿಯಾದಲ್ಲಿ. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ಬೇಟೆಯ ಖುಷಿಗೆಂದು ವಿಕ್ಟೋರಿಯಾದಲ್ಲಿ ಬಿಟ್ಟ ಕೆಲವೇ ಮೊಲಗಳ ಸಂತಾನ ಖಂಡದ ಹುಲ್ಲುಗಾವಲನ್ನೇ ಬೋಳಿಸಿತ್ತು. ಅವನ್ನು ಕೊಲ್ಲಲು 1950ರಲ್ಲಿ ಮರ್ರೆ ನದಿ ಕಣಿವೆಯಲ್ಲಿ ಬೇಕೆಂದೇ ಈ ವೈರಸ್ಸನ್ನು ಬಿಟ್ಟರು. ಮೊದಲು ಪ್ರಯೋಗ ಸೋತಂತೆ ಕಂಡಿತು. ವರ್ಷದ ಕೊನೆಗೆ ಸೊಳ್ಳೆಗಳು ಹೆಚ್ಚಿದ್ದೇ ತಡ, ರೋಗ ನದಿಗಳ ಗುಂಟ ಓಡಿತು. ಸೋಂಕು ತಗುಲಿದ ನೂರರಲ್ಲಿ ತೊಂಬತ್ತೊಂಬತ್ತಕ್ಕೂ ಹೆಚ್ಚು ಮೊಲಗಳು ಸತ್ತವು. ಅದೇ ಬೇಸಿಗೆಯಲ್ಲಿ ಮಿಲ್ಡುರಾ ಪಟ್ಟಣದ ಸುತ್ತಮುತ್ತ ಜನರಿಗೆ ಮಿದುಳು ಜ್ವರ ಬಂದಾಗ ಮೊಲದ ವೈರಸ್ಸೇ ಕಾರಣವೆಂಬ ಗುಲ್ಲೆದ್ದಿತು. ಮ್ಯಾಕ್‌ಫರ್ಲೇನ್ ಬರ್ನೆಟ್, ಫ್ರಾಂಕ್ ಫೆನ್ನರ್, ಇಯಾನ್ ಕ್ಲೂನೀಸ್ ರಾಸ್ ಎಂಬ ಮೂವರು ವಿಜ್ಞಾನಿಗಳೂ ಆ ವೈರಸ್ಸನ್ನು ತಮಗೇ ಚುಚ್ಚಿಸಿಕೊಂಡರು. ಅವರಿಗೆ ಏನೂ ಆಗಲಿಲ್ಲ.

ಕೆಲವೇ ವರ್ಷಗಳಲ್ಲಿ ಫೆನ್ನರ್ ಕಂಡದ್ದು ಬೇರೆ ಚಿತ್ರ. ಹದಿನೇಳರಿಂದ ಇಪ್ಪತ್ತೆಂಟು ದಿನ ಎಳೆದು ಕೊಲ್ಲುವ ತಳಿಗಳು ಮೇಲುಗೈ ಪಡೆದಿದ್ದವು. ಕಾರಣ ಸರಳ. ಮಲೇರಿಯಾದ ರೋಗಾಣು ಸೊಳ್ಳೆಯೊಳಗೆ ಬೆಳೆಯುತ್ತದೆ, ಈ ವೈರಸ್ ಹಾಗೆ ಬೆಳೆಯುವುದಿಲ್ಲ. ಗಂಟನ್ನು ಚುಚ್ಚಿದಾಗ ಸೊಳ್ಳೆಯ ಮೂತಿಗೆ ಮೆತ್ತಿಕೊಂಡು ಮುಂದಿನ ಮೊಲಕ್ಕೆ ದಾಟುತ್ತದೆ. ಹತ್ತೇ ದಿನದಲ್ಲಿ ಮೊಲ ಸತ್ತರೆ ಆ ದಾರಿಯೂ ಮುಚ್ಚಿತು. ಇದನ್ನು ಕೇಳಿ ವೈರಸ್ಸಿಗೆ ಕರುಣೆ ಹುಟ್ಟಿತು ಎಂದುಕೊಳ್ಳಬೇಡಿ. ಈ ನಿಧಾನದ ತಳಿಗಳೂ ನೂರಕ್ಕೆ ಎಪ್ಪತ್ತರಿಂದ ತೊಂಬತ್ತೈದು ಮೊಲಗಳನ್ನು ಕೊಲ್ಲುತ್ತಿದ್ದವು. ಬದುಕುಳಿದ ಮೊಲಗಳ ಮರಿಗಳಲ್ಲಿ ರೋಗವನ್ನು ತಡೆಯುವ ಶಕ್ತಿ ಪೀಳಿಗೆಯಿಂದ ಪೀಳಿಗೆಗೆ ಹೆಚ್ಚಿತು. ಅತ್ತ ವೈರಸ್ಸೂ ಸುಮ್ಮನಿರಲಿಲ್ಲ. 1990ರ ದಶಕದ ಕೆಲವು ತಳಿಗಳನ್ನು ಪ್ರಯೋಗಾಲಯದ ಮೊಲಗಳಿಗೆ ಕೊಟ್ಟು ನೋಡಿದಾಗ, ಅವು ರೋಗನಿರೋಧಕ ವ್ಯವಸ್ಥೆಯನ್ನೇ ಕುಸಿಯುವಂತೆ ಮಾಡಿ ಕೊಂದವು.

ಮೆಲ್ಬರ್ನ್, ಸಿಡ್ನಿಗಳಲ್ಲಿ ಮಕ್ಕಳಿಗಾಗಿ ಮೊಲ ಸಾಕಿರುವ ಕನ್ನಡದ ಮನೆಗಳಿಗೆ ಒಂದು ಮಾತು. ಬ್ರಿಟನ್ನಿನಲ್ಲಿ ಈ ರೋಗಕ್ಕೆ ಲಸಿಕೆ ಹಾಕಿಸುತ್ತಾರೆ. ಆಸ್ಟ್ರೇಲಿಯಾದಲ್ಲಿ ಸಾಕುಮೊಲಗಳಿಗೂ ಅದಕ್ಕೆ ಅವಕಾಶವಿಲ್ಲ. ಕಾಡುಮೊಲ ಸಾಯಲಿ ಎಂಬ ನೀತಿಯ ಬೆಲೆಯನ್ನು ಸಾಕುಮೊಲ ತೆರುತ್ತಿದೆ. ಇದು ನನಗೆ ನ್ಯಾಯವೆನಿಸುವುದಿಲ್ಲ. ಗೂಡಿಗೆ ಸಣ್ಣ ಕಿಂಡಿಯ ಸೊಳ್ಳೆಪರದೆ ಕಟ್ಟಿ, ಸಂಜೆಯಾಗುತ್ತಲೇ ಮೊಲವನ್ನು ಒಳಗೆ ತನ್ನಿ, ಚಿಗಟಗಳ ಮೇಲೂ ಕಣ್ಣಿಡಿ. ರೆಪ್ಪೆ ಊದಿದ್ದು ಕಂಡರೆ ಅಂದೇ ಪಶುವೈದ್ಯರ ಬಳಿಗೆ ಒಯ್ಯಿರಿ. ವೈರಸ್ಸಿಗೆ ನೇರ ಮದ್ದಿಲ್ಲ. ರೋಗ ಉಲ್ಬಣಿಸಿದ್ದರೆ ನೋವಿಲ್ಲದೆ ಪ್ರಾಣ ಬಿಡಿಸುವ ಸಲಹೆಯನ್ನೇ ವೈದ್ಯರು ಕೊಡಬಹುದು, ಮಕ್ಕಳಿಗೆ ಅದನ್ನು ನೀವೇ ತಿಳಿಸಬೇಕಾಗುತ್ತದೆ. ಕ್ವೀನ್ಸ್‌ಲ್ಯಾಂಡ್ ರಾಜ್ಯದವರಿಗೆ ಈ ಚಿಂತೆ ಇಲ್ಲ. ಅಲ್ಲಿ ಮನೆಯಲ್ಲಿ ಮೊಲ ಸಾಕುವುದೇ ಕಾನೂನಿಗೆ ವಿರುದ್ಧ.

ನಮಸ್ಕಾರ.